ನೀರು ಏಳುವ ಮಾತು

ಒಂದಾನೊಂದು ಕಾಲದಲ್ಲಿ, ಕಾಲ ಬಹಳ ಹಿಂದಿನದೇನಲ್ಲ, ಒಂದೇ ಬಲ್ಬಿನ ಮನೆಯಲ್ಲಿ ಅಕ್ಕ ತಂಗಿ ಇಬ್ಬರಿದ್ದರು. ಅಕ್ಕನಿಗೆ ಕತ್ತಲೆಂದರೆ ಎದೆ ಡವಡವ. ಹಿತ್ತಿಲಿಗೆ ಹೋಗಬೇಕಾದರೂ ತಂಗಿಯ ಫ್ರಾಕಿನ ಚುಂಗು ಹಿಡಿದೇ ಹೋಗುತ್ತಿದ್ದಳು. "ದೊಡ್ಡೋಳಾದ್ಮೇಲೆ ನೀನು ನಡೆದ ಕಡೆಯೆಲ್ಲ ದೀಪ ತಾನಾಗೇ ಹತ್ತೋ ಹಾಗೆ ಮಾಡ್ತೀನಿ ನೋಡು. ನೀರನ್ನೂ ಕುಣಿಸ್ತೀನಿ" ಎಂದು ತಂಗಿ ಮಾತು ಕೊಟ್ಟಿದ್ದಳು. "ಬಿಡೇ, ಬಾಯಿಬಡುಕಿ!" ಎಂದು ಅಕ್ಕ ನಕ್ಕಿದ್ದಳು.

ತಂಗಿ ಬೆಳೆದು ಅದೇ ಕೆಲಸ ಕಲಿತಳು. ಫೋನಿನಿಂದ ಹತ್ತುವ ತೋಟದ ದೀಪ, ಕರೆದರೆ ಚಿಮ್ಮುವ ಕಾರಂಜಿ. ಊರವರ ಅಂಗಳಗಳೆಲ್ಲ ಅವಳ ಕೈಯಿಂದ ಬೆಳಗಿದವು. ಮದುವೆಯಾಗಿ ಹೋದ ಅಕ್ಕನ ಅಂಗಳ ಮಾತ್ರ ಕತ್ತಲಲ್ಲೇ ಉಳಿಯಿತು. ಹಾಕಿಕೊಡಲೇ ಎಂದು ತಂಗಿ ಕೇಳಿದಾಗಲೆಲ್ಲ ಭಾವ "ನೋಡೋಣ" ಎನ್ನುತ್ತಿದ್ದ. ಒಂದು ಮುಸ್ಸಂಜೆ ಒಣಗಿದ ಬಟ್ಟೆ ತರಲು ಹೋದ ಅಕ್ಕ ಅಂಗಳದ ಪುಟ್ಟ ಕೊಳದ ಕಲ್ಲಂಚು ಕಾಣದೆ ಜಾರಿದಳು. ತಲೆಗೆ ಪೆಟ್ಟು. ದೀಪ, ಕಾರಂಜಿ ಏನನ್ನೂ ನೋಡದೆಯೇ ಹೋಗಿಬಿಟ್ಟಳು.

ಅತ್ತ ಕಣ್ಣು ಆರುವ ಮೊದಲೇ ಭಾವನ ಫೋನು ಬಂತು. "ಪುಟ್ಟೀ, ಈಗಲಾದ್ರೂ ಹಾಕಿಬಿಡೇ ಆ ದೀಪ, ಕಾರಂಜಿ. ಅವಳಿಗೆ ಆಸೆ ಇತ್ತು."

ಈಗಲಾದ್ರೂ! ಆ ಮಾತು ಅವಳೆದೆಯಲ್ಲಿ ಮುಳ್ಳಾಗಿ ಮುರಿಯಿತು. ಹಾಕ್ತೀನಿ ಭಾವ, ನಿಮಗೋಸ್ಕರವೇ ಹಾಕ್ತೀನಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಭಾವನಿಗೊಂದು ಹೊಸ ರೂಢಿ ಅಂಟಿಕೊಂಡಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕೊಳದ ಬಳಿ ಕುಕ್ಕರಗಾಲಲ್ಲಿ ಕೂತು, ನೀರಿಗೆ ಅಂಗೈ ಇಟ್ಟು, "ಬರ್ತೀನಿ" ಎನ್ನುವುದು. ಬದುಕಿದ್ದಾಗ ಬಾಗಿಲಲ್ಲಿ ನಿಂತವಳ ಕಡೆ ತಿರುಗಿಯೂ ನೋಡದಿದ್ದ ಗಂಡಸು! "ನಾನು ಹಾಗಂದ ತಕ್ಷಣ ದೀಪ ಹತ್ತಿ ನೀರು ಏಳ್ಬೇಕು. ಅವಳೇ 'ಹೋಗ್ಬನ್ನಿ' ಅಂದ ಹಾಗಿರುತ್ತೆ" ಎಂದು ಅವನಾಗಿಯೇ ಕೇಳಿಕೊಂಡ. ತನ್ನ ಗುಂಡಿಗೆ ತಾನೇ ಅಳತೆ ಕೊಡುವವನನ್ನು ಅವಳು ಕಂಡದ್ದು ಅದೇ ಮೊದಲು.

ದೀಪದ ಕಂಬದಲ್ಲೊಂದು ಪುಟ್ಟ ಮೈಕು ಕೂರಿಸಿದಳು. ಆ ಮಾತು ಕೇಳಿದರೆ ದೀಪ ಹತ್ತಬೇಕು, ನೀರು ಏಳಬೇಕು. ಅವುಗಳ ಜೊತೆಗೆ ಅವಳೊಬ್ಬಳೇ ಬಲ್ಲ ಇನ್ನೊಂದು ಆಜ್ಞೆ, ಕೊಳಕ್ಕೆ ಕರೆಂಟು ಹರಿಯಬೇಕು. ಆ ಹೊತ್ತಿಗೆ ಅವಳು ಊರಿನ ಇನ್ನೊಂದು ತುದಿಯಲ್ಲಿ ಯಾರದೋ ಗೇಟಿಗೆ ದೀಪ ಕಟ್ಟುತ್ತಿರುತ್ತಾಳೆ. ಫೋನಿನ ಮೇಲೆ ಬೆರಳಾಡಿಸಿದರೆ ಆ ಆಜ್ಞೆ ಅಳಿಸಿಹೋಗುತ್ತದೆ. ವೈರು ಇಲಿ ಕಡಿದಂತೆ ಕಾಣಿಸುವುದಕ್ಕೂ ಏರ್ಪಾಡಾಗಿತ್ತು.

ಕರೆಂಟು ಜೋಡಿಸುವ ಮುನ್ನ ಮೈಕನ್ನು ಪರೀಕ್ಷಿಸಿದಳು. "ಹೋಗ್ತೀನಿ" ಎಂದರೆ ಸುಮ್ಮನಿತ್ತು. "ಬಾ" ಎಂದರೂ ಸುಮ್ಮನಿತ್ತು. ಪಕ್ಕದ ಮನೆಯ ಗಂಡ ಹೆಂಡಿರು ಕಿತ್ತಾಡಿದರೂ ಮಿಸುಕಲಿಲ್ಲ. ಆ ಮಾತಿಗೊಂದೇ ಅದು ಕಿವಿ ನಿಮಿರಿಸುತ್ತಿತ್ತು, ಯಾರೇ ಆಡಲಿ. ಅದಕ್ಕೇ ಕೊನೆಯ ದಿನ ಯಾರಿಗೂ ಹೇಳದೆ ಗೇಟು ದಾಟಿಬಿಡುವುದೆಂದೂ ನಿಶ್ಚಯಿಸಿಕೊಂಡಳು.

ಕೆಲಸ ಮುಗಿದ ಸಂಜೆ ಭಾವ ಬಂದು ನಿಂತ. "ಏನಮ್ಮ ಎಂಜಿನಿಯರಮ್ಮ, ಆಯ್ತಾ?"

"ಆಯ್ತು ಭಾವ. ನಾಳೆ ಬೆಳಿಗ್ಗೆ ನೀವೇ ಶುರು ಮಾಡ್ಬೇಕು."

"ನನ್ನ ನಾಲಿಗೆಗೆ ಆ ಯೋಗ್ಯತೆ ಎಲ್ಲಿದೆಯೇ? ಇಷ್ಟು ವರ್ಷ ನೋಡೋಣ, ನೋಡೋಣ ಅಂತ..." ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದ.

ಎಂಥ ನಾಟಕ ಎಂದುಕೊಂಡಳು. ಅಂದುಕೊಂಡರೂ ಅವಳ ಕಣ್ಣೂ ತುಂಬಿಬಂತು.

ಕೊಳದಲ್ಲೊಂದು ಎಲೆ ತೇಲುತ್ತಿತ್ತು. ಆ ಮಾತು ಬೀಳುವವರೆಗೆ ನೀರು ಬರೀ ನೀರು. ಎಲೆ ತೆಗೆಯಲು ಬಗ್ಗಿದವಳು, ಅಕ್ಕನ ಕೆನ್ನೆ ಸವರುವಂತೆ ಕೈಯನ್ನು ನೀರಿನಲ್ಲೇ ಬಿಟ್ಟಳು. "ಪುಟ್ಟೀ, ಕಾಫಿ ಆರಿಹೋಗುತ್ತೆ, ಒಳಗೆ ಬಾರೇ!" ಅಡುಗೆಮನೆಯ ಕಿಟಕಿಯಿಂದ ಭಾವ ಕೂಗಿದ. ಮೈಕಿಗೆ ಕಲಿಸಿದ ಮಾತನ್ನು ಹೊರಡುವವರು ಆಡುವ ಮಾತು ಎಂದಷ್ಟೇ ಅವಳು ತೂಗಿ ನೋಡಿದ್ದಳು; ಕರೆದವರಿಗೆ ಓಗೊಡುವವರೂ ಅದನ್ನೇ ಆಡುತ್ತಾರೆಂಬುದು ಹೊಳೆದೇ ಇರಲಿಲ್ಲ. "ಬರ್ತೀನಿ ಇರಿ, ಭಾವ" ಎಂದಳು. ಅಂಗಳದುದ್ದಕ್ಕೂ ದೀಪಗಳು ಒಂದರ ಹಿಂದೊಂದು ಹತ್ತಿಕೊಂಡವು, ಯಾರೋ ಹೆದರದೆ ನಡೆದು ಬರುತ್ತಿರುವಂತೆ. ನೀರು ಎದ್ದು ಕುಣಿಯಿತು.