ಜೈನಾಪುರದ ಡಬ್ಬಿ

ಕಪಾಟಿನ ಧೂಳು ಒರೆಸುತ್ತಿದ್ದೆ. ತಿಕೋಟಾದ ಈ ಇಂಟರ್ನೆಟ್ ಆಫೀಸಿನಲ್ಲಿ ನನ್ನ ಗಂಡ ಲೈನ್‌ಮನ್ ಆಗಿದ್ದರು. ಹೋದ ವರ್ಷ ಜೈನಾಪುರದಲ್ಲಿ ಕಂಬದಿಂದ ಬಿದ್ದು ತೀರಿಕೊಂಡರು. ಆಗ ಮಾಲೀಕ ಗುರಲಿಂಗಪ್ಪ ನನ್ನನ್ನು ಕಸ ಗುಡಿಸಲು ಇಟ್ಟುಕೊಂಡರು. ಬಿದ್ದ ದಿನ ನನ್ನ ಗಂಡ ಕಂಬಕ್ಕೆ ಜೋಡಿಸುತ್ತಿದ್ದ ಇಂಟರ್ನೆಟ್ ಡಬ್ಬಿಯನ್ನು ಬಿಚ್ಚಿ ತಂದು ಈ ಕಪಾಟಿನಲ್ಲೇ ಇಟ್ಟಿದ್ದಾರೆ. ಅದಕ್ಕೆ ಯಾವ ವೈರೂ ಜೋಡಿಸಿಲ್ಲ. ಆದರೂ ನನ್ನ ಬಟ್ಟೆಯ ಕೆಳಗೆ ಅದು ಬೆಚ್ಚಗಿತ್ತು.

ಶೈಲಾ ಕಂಪ್ಯೂಟರ್ ಕೆಲಸಕ್ಕೆ ಮೊನ್ನೆ ಸೇರಿದವಳು, ನನ್ನ ಗಂಡನನ್ನು ನೋಡಿಯೇ ಇಲ್ಲ. ಅವಳು ಕಂಪ್ಯೂಟರಿನಿಂದ ಕೇಳಿದರೆ ಊರೂರಿನ ಡಬ್ಬಿಗಳು ತಾವಿರುವ ಊರನ್ನೂ ತಮ್ಮನ್ನು ನೋಡಿಕೊಳ್ಳುವವರ ಹೆಸರನ್ನೂ ಪರದೆಯ ಮೇಲೆ ಹೇಳುತ್ತವೆ.

"ಜೈನಾಪುರದ ಡಬ್ಬಿ ಮಾತಾಡಾಕತ್ತೈತ್ರಿ ಸರ," ಎಂದಳು. "ನೋಡಿಕೊಳ್ಳಾಂವ ಧರ್ಮರಾಜ ಅಂತ. ಯಾರ್ರಿ ಇಂವ?"

"ನಮ್ಮ ಆಮ್ರಪಾಲಿ ಗಂಡ. ಆ ಡಬ್ಬಿ ಕಪಾಟಿನಾಗ ಕುಂತೈತಿ, ಅದೇನ ಮಾತಾಡತೈತಿ? ನಿದ್ದಿಗಣ್ಣಾಗ ಬ್ಯಾರೇ ನಂಬರ ಹಾಕೀದಿ, ತಂಗಿ. ಮತ್ತ ಕೇಳು," ಎಂದರು ಗುರಲಿಂಗಪ್ಪ.

ನಾನು ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರನ್ನು ಅವಳು ಒಣದ್ರಾಕ್ಷಿ ತಿನ್ನುತ್ತ ಹೇಳಿದ್ದಳು. ನನ್ನ ಹೊಟ್ಟೆ ಉರಿಯಿತು.

ಅವಳು ಮತ್ತೆ ಕೇಳಿದಳು. ಈ ಸಲ ನೋಡಿಕೊಳ್ಳುವವರ ಹೆಸರಿನ ಜಾಗದಲ್ಲಿ 'ಶೈಲಾ' ಎಂದು ಬಂತು.

"ನಾ ಏನೂ ಬರದಿಲ್ರಿ ಸರ," ಎನ್ನುತ್ತ ಅವಳು ಕುರ್ಚಿ ಬಿಟ್ಟೆದ್ದಳು. ಹೆದರಿ ಇಬ್ಬರೂ ಹೊರಗೆ ಹೋದರು.

ನಾನು ಡಬ್ಬಿಯನ್ನು ಎತ್ತಿ ಎದೆಗೆ ಒತ್ತಿಕೊಂಡೆ. ಈಗ ಅದು ತಣ್ಣಗಿತ್ತು.

"ನನ್ನ ಹೆಸರೂ ಒಂದ್ಸಲ ಹೇಳ್ರಿ," ಎಂದೆ.