ಚಪ್ಪಡಿಯ ಕೆಳಗಿನ ಇಬ್ಬನಿ

ಬಾಗಿಲು ಒಡೆದಾಗ ಇದ್ದಿಲಿನ ಶೇಗಡಿಯಲ್ಲಿ ಬೂದಿಯಷ್ಟೇ ಉಳಿದಿತ್ತು. ಹೊರಸಿನ ಮೇಲೆ ಕಾಳವ್ವ ಎರಡು ಕೌದಿ ಹೊದ್ದು ಮಲಗಿದ್ದಳು. ಕಿವಿಯ ಮಷಿನ್ ತೆಗೆದು ಗೂಡಿನಲ್ಲಿಟ್ಟಿದ್ದಳು. ಮೈ ತಣ್ಣಗಾಗಿತ್ತು. ಕೆನ್ನೆ ಮಾತ್ರ ಕೆಂಪಗಿತ್ತು.

ಆ ಕೆಂಪನ್ನು ಪಿಎಸ್‌ಐ ಕರುಣಾ ಬಹಳ ಹೊತ್ತು ನೋಡಿದಳು. ನಿದ್ದೆಯಲ್ಲಿ ಎದೆ ನಿಂತು ಸತ್ತವರ ಮುಖ ಹೀಗಿರುವುದಿಲ್ಲ. ಪೊಲೀಸ್ ಕೆಲಸಕ್ಕೆ ಸೇರುವ ಮೊದಲು ಅವಳು ರಸಾಯನಶಾಸ್ತ್ರ ಓದಿದ್ದಳು. ಇದ್ದಿಲಿನ ಕೆಟ್ಟ ಗಾಳಿ ರಕ್ತಕ್ಕೆ ಸೇರಿದರೆ ಹೆಣದ ಮೈ ಕೆಂಪೇರುತ್ತದೆ.

ಆದರೆ ತಲೆಯ ಮೇಲೆ ಬೆಳಕಿಂಡಿ ತೆರೆದೇ ಇತ್ತು. ಅದರೊಳಗಿಂದ ಮಂಜು ಇಣುಕುತ್ತಿತ್ತು.

ಧಾರವಾಡದ ಹತ್ತಿರದ ಮುಗದದಲ್ಲಿ ಒಂದು ವಾರದಿಂದ ಹಲ್ಲು ಕಡಿಯುವ ಚಳಿ. ಸಂಜೆಯಾದರೆ ಕರೆಂಟಿನ ಭರವಸೆ ಇಲ್ಲ. ಕಾಳವ್ವ ನಿವೃತ್ತ ಶಿಕ್ಷಕಿ. ಎಲ್ಲಕ್ಕೂ ತಯಾರಿ ಮಾಡಿಕೊಂಡಿದ್ದಳು. ಕಿಟಕಿಯ ಸಂದಿಗಳಿಗೆ ಅರಳೆ ತುರುಕಿದ್ದಳು. ಕರೆಂಟಿದ್ದರೆ ಹೀಟರ್, ಇಲ್ಲದಿದ್ದರೆ ಶೇಗಡಿ. ಮಾಡುವ ಕೆಲಸಗಳನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ದುಂಡಗೆ ಬರೆದು ಗೋಡೆಗೆ ತೂಗುಹಾಕಿದ್ದಳು.

"ಎದಿ ನಿಂತಿರಬೇಕ್ರಿ ಮೇಡಂ," ಎಂದ ಗುರುಬಸವ. ಕಾಳವ್ವನ ತಮ್ಮನ ಮಗ, ಅರಳೆ ವ್ಯಾಪಾರಿ. ಅಜ್ಜನ ಮನೆಯನ್ನು ನಡುವೆ ಗೋಡೆ ಎತ್ತಿ ಎರಡು ಮಾಡಿದ್ದರು. ಈ ಅರ್ಧ ಅತ್ತೆಯದು, ಆ ಅರ್ಧ ಅವನದು.

"ಮೊದ್ಲ ಯಾರು ನೋಡಿದ್ರಿ?"

"ಮನಿಗೆಲಸದ ಗುಡ್ಡವ್ವ ಬಂದು ಬಾಗ್ಲಾ ಬಡದ್ಲು. ಅತ್ತಿ ಏಳಲಿಲ್ಲ. ನಾ ಮಾಳಗಿ ಹತ್ತಿ ಬೆಳಕಿಂಡ್ಯಾಗಿಂದ ಹಣಕಿ ನೋಡಿದೆ. ಅದು ತೆರದ ಇತ್ತು. ಹಂಗಾಗಿ ಶೇಗಡಿಯಿಂದ ಅಂತೂ ಆಗಿಲ್ಲ ಬಿಡ್ರಿ."

ಶೇಗಡಿಯ ಮಾತನ್ನು ಕರುಣಾ ಇನ್ನೂ ಎತ್ತಿರಲಿಲ್ಲ.

ಗುರುಬಸವ ದನಿ ತಗ್ಗಿಸಿದ. "ರಾತ್ರಿ ಹಾಲ ಕೊಟ್ಟಾಕಿ ಅಕಿನ. ಆ ಲೋಟಾ ಒಮ್ಮೆ ನೋಡ್ರಿ. ಇಂಥಾವ್ರನ್ನ ಒಳಗ ಬಿಟ್ಕೋಬ್ಯಾಡ ಅಂತ ಅತ್ತಿಗೆ ಸಾವಿರ ಸಲ ಹೇಳಿದ್ದೆ."

ಅವನ ಪಡಸಾಲೆಗೆ ಬಂದು ಕುಳಿತಾಗ ಅವನ ಹೆಂಡತಿ ಬಿಸಿ ಚಹಾ ತಂದಿಟ್ಟು ಒಳಗೆ ಹೋದಳು. ಗುರುಬಸವ ಕರುಣಾಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದುತ್ತ, "ಬರೇ ಕರುಣಾ ಅಂತ ಐತಿ. ಅಡ್ಡಹೆಸರೇನ್ರಿ ನಿಮ್ದು?" ಎಂದ.

ಈ ಪ್ರಶ್ನೆ ಯಾಕೆ ಬರುತ್ತದೆ ಎಂಬುದು ಕರುಣಾಳಿಗೆ ಶಾಲೆಯ ದಿನಗಳಿಂದ ಗೊತ್ತು. ಚಹಾ ಮುಟ್ಟದೆ ಎದ್ದಳು.

"ಮಾಳಗಿಗೆ ದಾರಿ ಎಲ್ಲೈತಿ?"

"ನಮ್ಮ ಮನ್ಯಾಗಿಂದ. ಮ್ಯಾಲ ಹತ್ತಾಕ ಅದೊಂದ ಪಾವಟಿಗಿ ಇರೂದು."

* * *

ಮಾಳಿಗೆಗೆ ಸಿಮೆಂಟು ಬಳಿದಿತ್ತು. ಇಡೀ ನೆಲ ಇಬ್ಬನಿಯಿಂದ ತೊಯ್ದಿತ್ತು. ಬೆಳಕಿಂಡಿಯ ಪಕ್ಕದಲ್ಲಿ ಅದನ್ನು ಮುಚ್ಚುವ ಕಲ್ಲಿನ ಚಪ್ಪಡಿ. ಮಳೆಗಾಲ ಮುಗಿದರೆ ಅದು ಆ ಪಕ್ಕದಲ್ಲೇ ಬಿದ್ದಿರುತ್ತದೆ, ಸರಿಸುವ ಪ್ರಮೇಯವಿಲ್ಲ.

ಕರುಣಾ ಮಂಡಿಯೂರಿದಳು. ಬೆಳಕಿಂಡಿಯ ಸುತ್ತ ನಾಲ್ಕು ಬೆರಳು ಅಗಲದ ಒಣ ಪಟ್ಟಿ.

"ಕೆಳಗಿನ ಬಿಸಿ ಹವಾಕ್ಕ ಆರಿರಬೇಕ್ರಿ," ಎಂದ ಹವಾಲ್ದಾರ ಯಮನಪ್ಪ.

"ಇರಬಹುದು. ಆ ಚಪ್ಪಡಿ ಎತ್ರಿ."

ಯಮನಪ್ಪ ಎರಡೂ ಕೈ ಹಾಕಿ ಎತ್ತಿದ. ಅದರ ಕೆಳಗಿನ ಸಿಮೆಂಟು ಹಸಿಯಾಗಿತ್ತು. ಹನಿಗಳು ಹೊಳೆಯುತ್ತಿದ್ದವು.

ಪೂರ್ವದಲ್ಲಿ ಮಂಜು ತಿಳಿಯಾಗುತ್ತಿತ್ತು. "ಲಗೂ ಫೋಟೋ ತಗೀರಿ," ಎಂದಳು ಕರುಣಾ. "ಬಿಸಿಲು ಬಿದ್ರ ಈ ಸಾಕ್ಷಿ ಹಾರಿಹೋಗತೈತಿ."

* * *

ಗುಡ್ಡವ್ವ ಹಿತ್ತಲ ಕಟ್ಟೆಯ ಕೆಳಗೆ, ನೆಲದ ಮೇಲೆ ಕುಳಿತಿದ್ದಳು. ಓಣಿಯ ಜನ ದೂರ ನಿಂತು ಅವಳನ್ನೇ ನೋಡುತ್ತಿದ್ದರು. ಯಾರೂ ಒಂದು ಲೋಟ ನೀರು ಕೊಟ್ಟಿರಲಿಲ್ಲ.

ಕರುಣಾ ಅವಳ ಪಕ್ಕದಲ್ಲೇ ಕುಳಿತಳು. ಗುಡ್ಡವ್ವ ಗಾಬರಿಯಾಗಿ ಸರಿದಳು.

"ಕೂಡ್ರಿ ಅವ್ವಾ. ನಿನ್ನೆ ಏನೇನಾತು ಹೇಳ್ರಿ."

"ಆರಕ್ಕ ಊರಾಗಿನ ಕರೆಂಟ ಹೋತ್ರಿ. ನಾ ಶೇಗಡಿ ಅಂಗಳದಾಗ ಹೊತ್ತಿಸಿ, ಹೊಗಿ ನಿಂತ ಮ್ಯಾಲ ಒಳಗ ಇಟ್ಟೆ. ಅಕ್ಕಾರಿಗೆ ಹಾಲ ಕೊಟ್ಟೆ. ಏಳೂವರಿಗೆ ಹೊಂಟೆ."

"ಬೆಳಕಿಂಡಿ?"

"ತೆರದಿತ್ರಿ. ಆಕಾಶದಾಗಿನ ಚಿಕ್ಕಿ ಕಾಣ್ತಿದ್ವು. ದಿನಾ ತಲಿ ಎತ್ತಿ ಚಿಕ್ಕಿ ನೋಡೇ ಹೋಗಬೇಕು ಅಂತ ಅಕ್ಕಾರು ಹೇಳಿದ್ರು. ಮೋಡ ಇದ್ರ ಬ್ಯಾಟರಿ ಹಿಡದು ನೋಡ್ತಿದ್ದೆ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನನ್ನ ಜೇಲಿಗೆ ಹಾಕ್ತೀರೇನ್ರಿ?"

ಕರುಣಾ ಎದ್ದು ನಿಂತಳು. ಸುಳ್ಳು ಸಮಾಧಾನ ಹೇಳುವುದು ಅವಳಿಗೆ ಆಗುತ್ತಿರಲಿಲ್ಲ. ಹೆಣವೂ ಲೋಟವೂ ಪರೀಕ್ಷೆಗೆ ಆಸ್ಪತ್ರೆಗೆ ಹೋಗಿದ್ದವು. ಊರು ಆಗಲೇ ತೀರ್ಪು ಕೊಟ್ಟಾಗಿತ್ತು.

ಒಳಗೆ ಹೋಗಿ ಗೋಡೆಯ ಪಟ್ಟಿಯನ್ನು ಮತ್ತೆ ಓದಿದಳು. ಇದ್ದಿಲು ಎರಡು ಚೀಲ. ಮೇಣಬತ್ತಿ. ಹಂಡೆಗೆ ನೀರು. ಶೇಗಡಿ ಇದ್ದಾಗ ಬೆಳಕಿಂಡಿ ಮುಚ್ಚಕೂಡದು. ಕಡೆಯ ಸಾಲು: ಗುಡ್ಡವ್ವನ ಖೋಲಿಯ ಕಿಟಕಿಗೂ ಅರಳೆ.

"ನಿಮಗ ಇಲ್ಲಿ ಖೋಲಿ ಐತೇನು?" ಎಂದು ಹಿತ್ತಲಿಗೆ ಬಂದು ಕೇಳಿದಳು.

"ಇನ್ನೂ ಇಲ್ರಿ. ನನ್ನ ತಗಡಿನ ಗುಡಸಲದಾಗ ಥಂಡಿಗೆ ಮೈ ಸೆಟದು ಹೋಗತೈತಿ. ಹಿತ್ತಲ ಖೋಲಿ ನಿನ್ನ ಹೆಸರೀಗೆ ಮಾಡ್ತೇನಿ, ಸೋಮವಾರ ಧಾರವಾಡಕ್ಕ ಹೋಗೂಣು ಅಂದಿದ್ರು."

ಕಾಳವ್ವನ ಟ್ರಂಕಿನಲ್ಲಿ ಕಾಗದ ಸಿಕ್ಕಿತು. ದಾನಪತ್ರ. ಸಹಿಯೊಂದೇ ಬಾಕಿ.

* * *

ಎರಡೂ ಮನೆಯ ಮೀಟರುಗಳು ಗುರುಬಸವನ ಪಡಸಾಲೆಯಲ್ಲಿದ್ದವು. ಲೈನ್‌ಮನ್ ಮೈಲಾರಿ ಎರಡೂ ಫ್ಯೂಜ್ ಕಿತ್ತು ಅಂಗೈ ಮೇಲಿಟ್ಟ. ಗುರುಬಸವನ ಫ್ಯೂಜಿನ ತಂತಿ ಕಪ್ಪಾಗಿತ್ತು. ಕಾಳವ್ವನದು ಹೊಸ ತಾಮ್ರ, ಮಿರಮಿರ ಮಿಂಚುತ್ತಿತ್ತು.

"ಊರಿಗೆ ಕರೆಂಟ ಯಾವಾಗ ಬಂತು?"

"ಎಂಟೂಕಾಲಕ್ಕ ನಾನ ಕೊಟ್ಟೇನ್ರಿ. ಮತ್ತ ಹೋಗಿಲ್ಲ."

"ಈ ಮನಿಗೆ?"

ಮೈಲಾರಿ ಹೊಸ ತಂತಿಯನ್ನು ಬೆರಳಿನಿಂದ ಮುಟ್ಟಿದ. "ಇದು ಈಗ ಹಾಕಿದ್ದ್ರಿ."

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಮೊದಲ ಪರೀಕ್ಷೆಯಲ್ಲಿ ಹಾಲಿನಲ್ಲಿ ಏನೂ ಸಿಕ್ಕಿಲ್ಲ. ರಕ್ತದ ತುಂಬ ಇದ್ದಿಲಿನ ಗಾಳಿ. ಕರುಣಾ ಅದನ್ನು ಗಟ್ಟಿಯಾಗಿ ಹೇಳಿದಳು.

ಗುರುಬಸವ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತಿದ್ದ. "ಹಂಗಾರ ಅಕಿನ ಶೇಗಡಿ ಸರಿ ಹೊತ್ತಿಸಿಲ್ಲ."

"ಬೆಳಕಿಂಡಿ ತೆರದಿತ್ತು ಅಂದ್ರಲ್ಲ."

"ತೆರದಿತ್ತು."

"ರಾತ್ರಿ ಎಲ್ಲಾ?"

"ಹೌದ್ರಿ."

"ಹಂಗಾರ ಕೇಳ್ರಿ. ಚಪ್ಪಡಿ ರಾತ್ರಿ ಎಲ್ಲಾ ಪಕ್ಕಕ್ಕ ಬಿದ್ದಿದ್ರ ಅದರ ಕೆಳಗ ಇಬ್ಬನಿ ಬೀಳಬಾರದು. ನಾ ಎತ್ತಿಸಿದಾಗ ಕೆಳಗ ನೀರಿತ್ತು. ಬೆಳಕಿಂಡಿ ಸುತ್ತ ಒಣಗಿತ್ತು. ಅಂದ್ರ ಚಪ್ಪಡಿ ರಾತ್ರಿ ಬೆಳಕಿಂಡಿ ಮ್ಯಾಲ ಇತ್ತು. ಇಬ್ಬನಿ ಬಿದ್ದ ಮ್ಯಾಲ ಯಾರೋ ಪಕ್ಕಕ್ಕ ಸರಿಸಿದ್ರು. ಮುಂಜಾನೆ ಮಾಳಗಿ ಹತ್ತಿದವರು ನೀವೊಬ್ರು."

ಗುರುಬಸವ ಕಾಲು ಕೆಳಗಿಳಿಸಿದ.

"ಏಳೂವರಿಗೆ ಗುಡ್ಡವ್ವ ಚಿಕ್ಕಿ ನೋಡ್ಯಾಳ. ಅಕಿ ಹೋದ ಮ್ಯಾಲ ನೀವು ಅತ್ತಿ ಫ್ಯೂಜಿನ ತಂತಿ ಕಡದ್ರಿ. ಎಂಟೂಕಾಲಕ್ಕ ಊರಿಗೆಲ್ಲಾ ಕರೆಂಟ ಬಂತು, ಅತ್ತಿಗೆ ಬರಲಿಲ್ಲ. ಹೀಟರ್ ಹತ್ತಲಿಲ್ಲ, ಶೇಗಡಿ ಆರಲಿಲ್ಲ. ಕಿವಿ ಮಷಿನ್ ತಗದು ಮಲಗೂ ಹೊತ್ತು ನಿಮಗ ಗೊತ್ತು. ಚಪ್ಪಡಿ ಎಳದ್ರಿ. ಕಿಟಕಿ ಸಂದಿ ಅವರೇ ಮುಚ್ಚಿದ್ರು. ನಿಮ್ಮ ಕೆಲಸ ಅರ್ಧ ಅವರ ತಯಾರೀನ ಮಾಡಿಕೊಟ್ಟಿತ್ತು. ಮುಂಜಾನೆ ಬೆಳಕಿಂಡಿ ತೆರದು, ಹೊಸ ತಂತಿ ಹಾಕಿ, ಹಾಲಿನ ಲೋಟಾ ತೋರಿಸಿದ್ರಿ."

ಗುರುಬಸವನ ಮುಖದಲ್ಲಿ ಪಶ್ಚಾತ್ತಾಪವಿರಲಿಲ್ಲ. ಇದ್ದದ್ದು ಸಿಟ್ಟು, ತನಗೇ ಅನ್ಯಾಯವಾದಂಥ ಸಿಟ್ಟು.

"ನನ್ನ ದೇವರ ಖೋಲಿ ಗ್ವಾಡಿಗೆ ಹತ್ತಿಕೊಂಡು ಆ ಗುಡ್ಡವ್ವನ ಒಲಿ," ಎಂದ. "ಅಜ್ಜ ಕಟ್ಟಿಸಿದ ಮನ್ಯಾಗ. ನಾಳೆ ನಮ್ಮ ಮಂದಿ ಬಂದು ನೀರು ಕುಡೀತಾರೇನ್ರಿ? ಅತ್ತಿಗೆ ತಲಿ ಕೆಟ್ಟಿತ್ತು."

ಎತ್ತಿ ಆಡಿಸಿದ ಅತ್ತೆಯನ್ನು ಕೊಂದದ್ದು ಇವನಿಗೆ ಮೈಲಿಗೆಯಲ್ಲ. ಅವಳಿಗೆ ಹಾಲು ಕಾಸಿ ಕೊಟ್ಟ ಕೈ ಮೈಲಿಗೆ. ಬೆಳಿಗ್ಗೆಯ ಚಹಾ ಮೇಜಿನ ಮೇಲೆ ಕೆನೆಗಟ್ಟಿ ಕುಳಿತಿತ್ತು. ಅದನ್ನು ನೋಡಲೂ ಕರುಣಾಳಿಗೆ ಅಸಹ್ಯವಾಯಿತು.

"ಅಡ್ಡಹೆಸರು ಕೇಳಿದ್ರಲ್ಲ," ಎಂದಳು. "ಎಫ್‌ಐಆರ್‌ದಾಗ ನನ್ನ ಪೂರ್ತಿ ಹೆಸರಿರತೈತಿ. ಸಾವಕಾಶ ಓದಕೋರಿ. ಯಮನಪ್ಪಾ, ಜೀಪಿಗೆ ಹತ್ತಸ್ರಿ."

* * *

ಜೀಪಿನ ಸದ್ದು ದೂರವಾದ ಮೇಲೆ ಕರುಣಾ ಹಿತ್ತಲಿಗೆ ಬಂದಳು. ಗುಡ್ಡವ್ವನಿಗೆ ವಿಷಯ ತಲುಪಿತ್ತು. ಅವಳು ಖಾಲಿ ಖೋಲಿಯ ಕಿಟಕಿಯ ಹತ್ತಿರ ನಿಂತು, ಕಾಳವ್ವ ತನಗಾಗಿ ತುರುಕಿದ್ದ ಅರಳೆಯನ್ನು ಒಂದೊಂದೇ ಎಳೆಯಾಗಿ ಕೀಳುತ್ತಿದ್ದಳು.

"ಕಾಗದಕ್ಕ ಸಹಿ ಆಗಿಲ್ಲ ಅವ್ವಾ," ಎಂದಳು ಕರುಣಾ. "ಖೋಲಿ ನಿಮಗ ಸಿಗೂದು ಕಷ್ಟ."

"ಗೊತ್ರಿ." ಗುಡ್ಡವ್ವ ಅರಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಇದಿಷ್ಟು ಒಯ್ತೇನಿ. ನನ್ನ ತಗಡಿನ ಸಂದಿಗೆ ಆಕ್ಕೈತಿ."

ಎರಡು ಹೆಜ್ಜೆ ಹೋದವಳು ತಿರುಗಿದಳು.

"ಮ್ಯಾಲ ಒಂದು ಸಂದಿ ಬಿಡ್ತೇನ್ರಿ. ಚಿಕ್ಕಿ ಕಾಣೂವಷ್ಟು."