ಸುಮ್ಮನೆ ಕುಳಿತ ಕೈ

೧೯೯೨ರ ನವೆಂಬರ್ ೯, ಬೆಳಿಗ್ಗೆ. ಗೊರೇಬಾಳದ ವೆಂಕೋಬ ಸಿಂಧನೂರು ಠಾಣೆಗೆ ಬಂದು ಕಳವಿನ ದೂರು ಕೊಟ್ಟ. ಅವನ ತಾಯಿ ಶೇಖಮ್ಮಳಿಗೆ ಪಾರ್ಕಿನ್ಸನ್, ಮೈ ನಡುಗುವ ಕಾಯಿಲೆ. ಹೈದರಾಬಾದಿನಿಂದ ತರಿಸಿದ್ದ ಅವಳ ಗುಳಿಗೆಗಳು ಮನೆಯಿಂದ ಮಾಯವಾಗಿದ್ದವು. ಮಿದುಳಿನಲ್ಲಿ ಉಳಿದಿರುವ ಜೀವಕೋಶಗಳನ್ನು ಆ ಗುಳಿಗೆ ಕಾಪಾಡಬಹುದು, ಸತ್ತವು ಮಾತ್ರ ಮರಳುವುದಿಲ್ಲ ಎಂದಿದ್ದರು ಡಾಕ್ಟರು.

"ಯಾರ ಮ್ಯಾಲ ಸಂಶಯ?" ಸಬ್‌ಇನ್‌ಸ್ಪೆಕ್ಟರ್ ರಾಜೇಸಾಬ್ ಕೇಳಿದರು.

"ಕೆಲಸದ ಜೋಗಮ್ಮರೀ. ಅವ್ವನ ಖೋಲಿ ಕಸ ಹೊಡಿಯಾಕಿ ಅಕಿನ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ರಾಜೇಸಾಬ್ ಮಹಿಳಾ ಪೇದೆ ಗದ್ದೆಮ್ಮನೊಂದಿಗೆ ಗೊರೇಬಾಳಕ್ಕೆ ಹೋದರು.

ಜೋಗಮ್ಮ ಬಾಗಿಲಲ್ಲೇ ಎದುರಾದಳು. "ಮುದುಕಿ ಗುಳಿಗಿ ತಗೊಂಡು ಏನ್ ಮಾಡ್ಲಿ ಸಾಹೇಬ್ರ, ಕೋಳಿಗೆ ಹಾಕ್ಲ್ಯಾ?"

ವೆಂಕೋಬನ ಹೆಂಡತಿ ಬಸ್ಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಪಂಚನಾಮೆಗೆ ಕರೆದಾಗ ಬಂದು ಕುಳಿತಳು. ಪಂಚರು ಸಹಿ ಹಾಕುತ್ತಿದ್ದಂತೆ ಅವಳ ಸೆರಗಿನಡಿ ಬಳೆಗಳು ಸಣ್ಣಗೆ ಸದ್ದು ಮಾಡಿದವು. ತಟ್ಟನೆ ಮೊರ ಎಳೆದುಕೊಂಡು ಅಕ್ಕಿ ಆರಿಸತೊಡಗಿದಳು. ಸದ್ದು ನಿಂತಿತು.

ಹೊರಗೆ ಬಂದ ಮೇಲೆ ಗದ್ದೆಮ್ಮ ಆ ಬಳೆ ಸದ್ದಿನ ವಿಷಯ ಹೇಳಿದಳು.

"ಪೊಲೀಸರನ್ನ ಕಂಡ್ರ ಯಾರ ಕೈಯಾದ್ರೂ ನಡುಗ್ತಾವ," ಎಂದರು ರಾಜೇಸಾಬ್.

"ಅಂಜಿದ್ರ ಎರಡೂ ನಡುಗ್ತಾವ್ರಿ. ಈಕಿದು ಬಲಗೈ ಒಂದ, ಅದೂ ಸುಮ್ಮ ಕುಂತಾಗ. ಸಪ್ಪಳ ಆಗಬಾರದಂತ ಬಳಿಗೆ ದಾರ ಸುತ್ತ್ಯಾಳ."

ಗದ್ದೆಮ್ಮ ಒಬ್ಬಳೇ ಒಳಗೆ ಹೋಗಿ ಬಸ್ಸಮ್ಮಳ ಪಕ್ಕ ಕುಳಿತಳು. "ಯಾವಾಗಿಂದವ್ವಾ?"

"ಏನ್ರೀ?"

"ಕೈ."

ಬಸ್ಸಮ್ಮ ಎದ್ದು ಜೋಳದ ಹಿಟ್ಟಿನ ಡಬ್ಬಿ ತಂದಿಟ್ಟಳು. ಅರ್ಧ ಖಾಲಿಯಾದ ಗುಳಿಗೆಪಟ್ಟಿಗಳು ಹಿಟ್ಟಿನಲ್ಲಿ ಹೂತಿದ್ದವು.

"ನಿನಗೂ ಅದ ಬ್ಯಾನಿ ಅಂತ ಯಾರ್ ಹೇಳ್ಯಾರ?"

"ಯಾಕ್ ಹೇಳಬೇಕ್ರೀ? ಅತ್ತೀಗೆ ಜಳಕ ಮಾಡ್ಸಾಕಿ ನಾನ, ತುತ್ತು ಇಡಾಕಿ ನಾನ. ಅವರಿಗೂ ಹೆಬ್ಬೆಟ್ಟಿನಿಂದನ ಚಾಲೂ ಆಗಿತ್ತು. ಮನ್ಯಾಗ ಗೊತ್ತಾದ್ರ ನನ್ನ ತವರಿಗೆ ಅಟ್ತಾರ. ನನಗ ತುತ್ತು ಇಡಾಕಿ ಯಾರು?" ದನಿ ಇಳಿಯಿತು. "ಡಾಕ್ಟರ್ ಹೇಳಿದ್ರಲ್ರೀ, ಅತ್ತೀ ತಲ್ಯಾಗಿನವು ಸತ್ತು ಹೋಗ್ಯಾವ. ನನ್ನವು ಇನ್ನಾ ಅದಾವ."

ಸಂಜೆ ಬಸ್ಸಮ್ಮಳ ದಸ್ತಗಿರಿಯಾಯಿತು. ಉಳಿದ ಗುಳಿಗೆಗಳನ್ನು ಜಪ್ತಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು.

"ಅವನ್ನರ ಕೊಡ್ರಿ ಸಾಹೇಬ್ರ, ಅವ್ವಗ ಬೇಕು," ಎಂದ ವೆಂಕೋಬ. ಹೆಂಡತಿಯ ಕಡೆ ನೋಡಲಿಲ್ಲ.

"ಇನ್ನ ಅದು ಮುದ್ದೆಮಾಲು, ಕೇಸಿನ ಸಾಕ್ಷಿ. ಕೋರ್ಟಿನ ಆರ್ಡರ್ ತಗೊಂಡು ಬಾ."

ಜೀಪಿನಲ್ಲಿ ಬಸ್ಸಮ್ಮಳಿಗೆ ಮಾಡಲು ಯಾವ ಕೆಲಸವೂ ಇರಲಿಲ್ಲ. ದಾರ ಸಡಿಲಗೊಂಡು ಬಳೆಗಳು ಸದ್ದು ಮಾಡತೊಡಗಿದವು. ಗದ್ದೆಮ್ಮ ತನ್ನ ಟೋಪಿ ತೆಗೆದು ಅವಳ ಮಡಿಲಲ್ಲಿಟ್ಟಳು.

"ಧೂಳಾಗ್ಯಾದ. ಒರಸವ್ವ."

ಸಿಂಧನೂರು ಬರುವವರೆಗೂ ಬಸ್ಸಮ್ಮ ಅದನ್ನು ಒರೆಸುತ್ತಲೇ ಇದ್ದಳು.